ಹೋತದ ಎಲುಬು, ನನ್ನ ರಕ್ತ

ಈ ಬುದ್ಧಿ ಬರಲು ನನಗೆ ಒಂದು ಹೋತ ಖರ್ಚಾಯಿತು. ಐನಾಪುರದ ಸಂತೆಯಲ್ಲಿ ಯಾರು ಎಷ್ಟಕ್ಕೆ ಕೇಳಿದರೂ ಕೊಡದೆ ಉಳಿಸಿಕೊಂಡಿದ್ದ ಹೋತ. ಅದನ್ನು ಕಡಿಸಿದ್ದು ಹಬ್ಬಕ್ಕಲ್ಲ, ಅದರ ಎಲುಬಿಗಾಗಿ.

ನನಗೆ ಎಚ್‌ಐವಿ ಇದೆ. ಸರಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಕೊಡುತ್ತಾರೆ. ಆಡು-ಕುರಿ ವ್ಯಾಪಾರದಲ್ಲಿ ಮೇಲೆ ಬಂದವನಿಗೆ ಪುಕ್ಕಟೆ ಮಾಲಿನ ಮೇಲೆ ಸಂಶಯ ಸಹಜ. ಗುಳಿಗೆ ಶುರುವಾದ ಹೊಸದರಲ್ಲಿ, ಟೆಂಪೋಗೆ ಒಂದು ಕುರಿ ಎತ್ತಿ ಹಾಕಿದರೆ ಸಾಕು, ಏದುಸಿರು. ಆಸ್ಪತ್ರೆಗೆ ಹೋದೆ. ಅಲ್ಲಿನ ಲೇಡಿ ಡಾಕ್ಟರು, ನಮ್ಮ ಕಡೆಯ ಮಾತಿನಲ್ಲಿ ಡಾಕ್ಟರ್ ಬಾಯಿ, ನನ್ನ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿದರು. ಆಡು ಕೊಳ್ಳುವಾಗ ನಾವೂ ಹಾಗೆಯೇ ನೋಡುತ್ತೇವೆ: ಒಳಗೆ ಕೆಂಪಿದ್ದರೆ ಮಾತುಕತೆ, ಬಿಳಿಚಿದ್ದರೆ ಮುಂದಿನ ಆಡು.

"ಹಲ್ಲೂ ಎಣಸ್ರಿ ಬಾಯಾರ, ವಯಸ್ಸ ತಿಳೀತೈತಿ," ಎಂದೆ.

"ಹಲ್ಲ ಇರಲಿ ಕಾಕಾ, ಈ ಬಣ್ಣಕ್ಕ ನಿಮ್ಮನ್ನ ಯಾರೂ ತಗೊಳ್ಳಾಂಗಿಲ್ಲ. ರಕ್ತ ತಯಾರಾಗೋದು ಎಲಬಿನ ಒಳಗಿನ ಮಜ್ಜಿಯೊಳಗ. ಈ ವೈರಸ್ ಅಲ್ಲೂ ಕೈ ಹಾಕತೈತಿ. ಕೆಲವೊಂದ ಗುಳಿಗಿಯಿಂದನೂ ರಕ್ತ ಕಡಿಮಿ ಆಗತೈತಿ. ಯಾವುದರಿಂದ ಅಂತ ತಪಾಸ ಮಾಡೂಣು. ಅಲ್ಲೀತನಕ ಗುಳಿಗಿ ಬಿಡಬ್ಯಾಡ್ರಿ."

"ಅರ್ಧಾ ತಗೊಂಡ್ರ?"

"ಇದೇನ ಸಂತಿ ಏನ್ರಿ?"

ನನ್ನ ಕಿವಿಗೆ ಲಾಭದ ಮಾತಷ್ಟೇ ಬಿತ್ತು. ಗುಳಿಗೆಯಿಂದ ರಕ್ತ ಇಳಿಯುತ್ತದೆ, ಬಿಟ್ಟೆ. ಮಜ್ಜೆ ಸೊರಗಿದೆ, ಮಜ್ಜೆಯನ್ನೇ ತಿಂದರಾಯಿತು. ಹೋತದ ಕಾಲೆಲುಬುಗಳನ್ನು ಕುದಿಸಿ, ತಟ್ಟೆಗೆ ಬಡಿದು ಬಡಿದು ಒಳಗಿನದನ್ನು ಹೀರಿದೆ.

"ಆಡಿಗೆ ರೋಗ ಬಂದ್ರ ಡಾಕ್ಟರ್‌ನ ಕರೀತೀರಿ," ಎಂದಳು ಹೆಂಡತಿ, "ನಿಮಗ ಬಂದ್ರ ಆಡ ಕಡೀತೀರಿ! ನಾಳೆ ನೀವ ಹ್ವಾದ್ರ ನನ್ನ ಗತಿ ಏನ್ರಿ?"

ಸ್ವಲ್ಪ ದಿನಗಳಲ್ಲೇ ಉಗಾರ ಖುರ್ದದ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಪಕ್ಕ, ಕಣ್ಣು ಕತ್ತಲೆಗಟ್ಟಿ ಕುಸಿದೆ. ಜೊತೆಗಿದ್ದ ಹೆಂಡತಿ ನನ್ನದೇ ಟೆಂಪೋದಲ್ಲಿ, ಕುರಿಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಒಯ್ದಳು. ರಕ್ತ ಏರಿಸಿದರು. ತಪಾಸಣೆಯಲ್ಲಿ ಗುಳಿಗೆಯ ತಪ್ಪು ಕಾಣಲಿಲ್ಲ. ಅದನ್ನು ಬಿಟ್ಟದ್ದರಿಂದ ವೈರಸ್ ಮತ್ತೆ ಹೆಚ್ಚಿ, ಮಜ್ಜೆಗೆ ಕೈ ಹಾಕಿತ್ತು.

"ತಿಂದದ್ದು ಹೊಟ್ಟಿಗೆ ಹೋಗತೈತಿ ಕಾಕಾ, ಸೀದಾ ಎಲಬಿಗಲ್ಲ," ಎಂದರು ಡಾಕ್ಟರ್ ಬಾಯಿ. ಗುಳಿಗೆ ಮತ್ತೆ ಶುರುವಾಯಿತು. ರಕ್ತ ನಿಧಾನಕ್ಕೆ ಏರಿತು. ಈಗ ಕುರಿ ಎತ್ತುತ್ತೇನೆ. ಹೆಂಡತಿ ಬೈದರೆ ಎದುರು ಮಾತಾಡುವಷ್ಟು ಉಸಿರೂ ಇದೆ.

ನಿಮಗೆ ಹೇಳುವುದಿಷ್ಟು. ಈ ರೋಗವಿದ್ದು ಸುಸ್ತು, ಏದುಸಿರು ಕಂಡರೆ ರಕ್ತ ತಪಾಸಣೆ ಕೇಳಿ ಮಾಡಿಸಿಕೊಳ್ಳಿ. ಗುಳಿಗೆ ಒಗ್ಗುವುದಿಲ್ಲ ಎನಿಸಿದರೆ ಡಾಕ್ಟರಿಗೇ ಹೇಳಿ, ಬದಲಿ ಗುಳಿಗೆಗಳಿವೆ, ನೀವಾಗಿ ಬಿಡಬೇಡಿ. ಎಲುಬಿನ ಸೂಪು ಬೇಕಾದರೆ ಕುಡಿಯಿರಿ, ಗುಳಿಗೆ ನುಂಗಿದ ಮೇಲೆ.