ಅಭಿಷೇಕದ ಹಾಲಿಗೆ ಕೊಳೆತ ಕೆಂಪು ಐರಿಸ್

ಓದುಗ ಮಹಾಶಯರಲ್ಲಿ ವಿಜ್ಞಾಪನೆ. ನಿವೃತ್ತಿಯಾಗುವವರೆಗೂ ಶಾಲೆಯ ಕಚೇರಿಯಲ್ಲಿ ಪತ್ರಗಳನ್ನಷ್ಟೇ ಬರೆದವನು ನಾನು. ಸ್ವಂತ ವಿಷಯ ಬರೆಯುತ್ತಿರುವುದು ಇದೇ ಮೊದಲು. ಕೋಪದಲ್ಲಿ ಬರೆದುದರಿಂದ ಅಕ್ಷರಗಳು ಸೊಟ್ಟಗಾಗಿವೆ, ಕಾಗುಣಿತವೂ ತಪ್ಪಿರಬಹುದು. ಕ್ಷಮಿಸಬೇಕಾಗಿ ಕೋರುತ್ತೇನೆ.

ವಿಷಯವೇನೆಂದರೆ, ಬಸವನಗುಡಿಯ ನಮ್ಮ ಮನೆಯ ಅಂಗಳದಲ್ಲಿ, ಅಮ್ಮ ಬಹಳ ಹಿಂದೆ ಊಟಿಯಿಂದ ತಂದು ನೆಟ್ಟ ಹಳೆಯ ತಳಿಯ ಐರಿಸ್ ಗಿಡವೊಂದಿತ್ತು. ಸೊಂಟದೆತ್ತರದ ಕಾಂಡ, ಹಳೆಯ ಹೆಂಚಿನ ಕೆಂಪು ಬಣ್ಣದ ಹೂವು, ಕೆಳಕ್ಕೆ ಬಾಗಿದ ದಳಗಳ ಮೇಲೆ ಗಡ್ಡದಂತೆ ಹಳದಿ ಎಳೆಗಳು. ನಮ್ಮ ಹವೆಯಲ್ಲಿ ಅದು ಸುಲಭವಾಗಿ ಹೂ ಬಿಡುವುದಿಲ್ಲ. ಅಮ್ಮ ಇದ್ದಾಗ ಎರಡು ಸಲ ಅರಳಿತ್ತು. ಅವರು ಹೋದ ಮೇಲೆ ಒಮ್ಮೆಯೂ ಇಲ್ಲ.

ಆರೈಕೆಯ ಕ್ರಮವನ್ನು ಅಮ್ಮನೇ ಕಲಿಸಿದ್ದರು. ಶುಂಠಿಯಂತಹ ಅದರ ಗೆಡ್ಡೆಯನ್ನು ಪೂರ್ತಿ ಹೂಳತಕ್ಕದ್ದಲ್ಲ. ಬೆನ್ನು ಬಿಸಿಲಿಗೆ ಕಾಣುವಂತೆ ಇಡತಕ್ಕದ್ದು. ಮಣ್ಣು ಒಣಗದ ಹೊರತು ನೀರು ಹಾಕತಕ್ಕದ್ದಲ್ಲ. ಮೂರು ವರ್ಷಗಳಿಗೊಮ್ಮೆ ಗೆಡ್ಡೆ ಬಿಡಿಸಿ ನೆಡುತ್ತ ಬಂದೆ. ಈ ವರ್ಷ ಎಲೆಗಳ ನಡುವಿನಿಂದ ಮೊಗ್ಗು ಬಂದಿತು.

ಹೋದ ತಿಂಗಳು ಒಂದು ಬೆಳಿಗ್ಗೆ ಕಾಂಡವನ್ನು ಮುಟ್ಟಿದೊಡನೆ ಅದು ಬುಡಸಮೇತ ಕೈಗೆ ಬಂದಿತು. ಗೆಡ್ಡೆ ಕೊಳೆತು ಲೋಳೆಯಾಗಿತ್ತು. ಸುತ್ತ ಹುಳಿ ನಾತ, ಇರುವೆ. ನಮ್ಮೊಂದಿಗೇ ಇರುವ ನನ್ನ ಅಕ್ಕ ಖಾಲಿ ತಂಬಿಗೆ ಹಿಡಿದು ಹಿಂದೆ ನಿಂತಿದ್ದಳು.

“ಇದಕ್ಕೆ ನೀರು ಹಾಕ್ಬೇಡ ಅಂತ ಎಷ್ಟು ಸಲ ಹೇಳಿದೀನಿ ಅಕ್ಕಾ!”

“ನೀರೆಲ್ಲೋ ಹಾಕ್ದೆ? ಅಭಿಷೇಕದ ಹಾಲು ಕಣೋ. ಯಾರೂ ತುಳೀಬಾರ್ದಲ್ಲ! ತುಳಸಿ ಕುಂಡ ತುಂಬಿ ಹರೀತಿತ್ತು, ಇಲ್ಲಿಗೆ ಹಾಕ್ದೆ.”

“ಎಷ್ಟು ದಿನದಿಂದ?”

“ಮೊಗ್ಗು ಬಂದಾಗಿಂದ. ಅಮ್ಮನ ಗಿಡ, ಚೆನ್ನಾಗಿ ಅರಳ್ಲಿ ಅಂತ.”

“ಕೊಳೆತೋಯ್ತಲ್ಲೇ!”

“ದೇವರ ಹಾಲಿಗೆ ಯಾವ ಗಿಡಾನೂ ಕೊಳೆಯಲ್ಲ. ಗಡ್ಡ ಬರೋ ಹೂವು ತಾನೇ, ವಯಸ್ಸಾಗಿತ್ತು ಬಿಡು.”

ಆ ಮಾತಿಗೆ ತಂಬಿಗೆಯನ್ನು ಕಿತ್ತು ಗೇಟಿನತ್ತ ಎಸೆದೆ. ಅರವತ್ತು ದಾಟಿದವನು ಅಕ್ಕನ ಮೇಲೆ ಹೀಗೆ ಕೂಗಾಡಿದ್ದು ಸರಿಯೆಂದು ಹೇಳುತ್ತಿಲ್ಲ. ತಪ್ಪೆಂದು ಒಪ್ಪಲೂ ಸಿದ್ಧನಿಲ್ಲ.

ಕೊಳೆತದ್ದನ್ನೆಲ್ಲ ಚಾಕುವಿನಿಂದ ಕೆತ್ತಿದಾಗ ಹೆಬ್ಬೆರಳಿನಷ್ಟು ಗಟ್ಟಿ ಗೆಡ್ಡೆ ಉಳಿಯಿತು. ಕೊಯ್ದ ಭಾಗಕ್ಕೆ ಬೂದಿ ಸವರಿ, ನೆರಳಿನಲ್ಲಿ ಒಣಗಿಸಿ, ತಾರಸಿಯ ಮೇಲೆ ಕುಂಡದಲ್ಲಿ ನೆಟ್ಟಿದ್ದೇನೆ. ತಾರಸಿ ಬಾಗಿಲಿನ ಬೀಗದ ಕೈ ನನ್ನ ಜನಿವಾರದಲ್ಲಿದೆ. “ಹಪ್ಪಳ ಒಣಗಿಸ್ಬೇಕು, ಕೊಡೋ” ಎಂದು ಅಕ್ಕ ಎರಡು ಸಲ ಕೇಳಿದ್ದಾಳೆ. ಕೊಟ್ಟಿಲ್ಲ. ಹೊಸ ಎಲೆ ಕಾಣುವವರೆಗೆ ಕೊಡುವುದೂ ಇಲ್ಲ.

ಬರೆದುದರಲ್ಲಾಗಲಿ, ಗೆಡ್ಡೆ ನೆಟ್ಟ ರೀತಿಯಲ್ಲಾಗಲಿ ತಪ್ಪು ಕಂಡುಬಂದಲ್ಲಿ ತಿದ್ದಬೇಕಾಗಿ ಪ್ರಾರ್ಥನೆ.