ಟಮ್ಸಿನಕ್ಕನ ಕಲ್ಲುಕಡುಬು

ನಮ್ಮ ಡ್ರೈ ಫೋರ್ಕ್ ಬೆಳ್ಳಿಗಣಿಯೂರಿನಲ್ಲಿ ದರೋಡೆಕೋರ ಒಂಟಿಕಿವಿ ಕ್ಯಾಲ್‌ನ ಕಥೆ ಹೇಳದ ಬಾಯಿಲ್ಲ. ಬೆಳ್ಳಿಬಂಡಿ ದೋಚಿ ಗಣಿಯೊಳಗೆ ನುಗ್ಗಿದನಂತೆ. ಒಳಗೆ ನೂರು ಕವಲು. ಗಣಿಕೆಲಸ ನಿಲ್ಲಿಸದೆ ಷೆರೀಫನ ಜನ ಹನ್ನೊಂದು ದಿನ ಗಣಿಯ ಬಾಯಿ ಕಾದರು. ಹನ್ನೆರಡನೆಯ ದಿನ ಆಸಾಮಿ ಮಾಯ! ನನ್ನ ಕ್ಷೌರದಂಗಡಿಯಲ್ಲಿ ನಲವತ್ತು ವರ್ಷದಿಂದ ಇದೇ ಪುರಾಣ. ಅಷ್ಟು ದಿನ ಅವನು ನಿಜಕ್ಕೂ ತಿಂದದ್ದೇನು ಎಂದು ಒಬ್ಬನಾದರೂ ಕೇಳಬೇಡವೇ?

ಗೊತ್ತಿದ್ದವಳು ಟಮ್ಸಿನ್, ಗಣಿಯಾಳು ಜೋರಿಯ ಹೆಂಡತಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಅವರ ಹೆಂಗಸರು ಮಾಂಸ, ಆಲೂಗಡ್ಡೆ ತುಂಬಿದ ಕಡುಬನ್ನು ಒಲೆಯಲ್ಲಿ ಸುಟ್ಟು, ತುದಿಯಲ್ಲಿ ಗಂಡನ ಹೆಸರಿನ ಅಕ್ಷರ ಮೂಡಿಸುತ್ತಾರೆ. ಆ ತುದಿಯನ್ನು ಗಂಡಸರು ಸುರಂಗದ ತಟ್ಟುಭೂತಗಳಿಗೆ ಬಿಡಬೇಕು. ಬಿಟ್ಟರೆ ಸುರಂಗ ಕುಸಿಯುವ ಮೊದಲು ಅವು ಗೋಡೆ ತಟ್ಟಿ ಎಚ್ಚರಿಸುತ್ತವೆ. ಆಗಿನ್ನೂ ಟಮ್ಸಿನ್ ಮದುವೆಯಾಗಿ ಬಂದು ತಿಂಗಳಾಗಿತ್ತು. ಅವಳ ಕೈರುಚಿ ಊರಿಗೆ ಗೊತ್ತಿರಲಿಲ್ಲ. ಕಡುಬಿನಂಗಡಿ ಇಡುವ ಆಸೆಯಂತೂ ಬೆಟ್ಟದಷ್ಟಿತ್ತು.

ಕ್ಯಾಲ್ ಅಡಗಿದ್ದ ಮೂಲೆಯಲ್ಲಿ ಸಿಕ್ಕಿದ್ದು ಒಂದೇ ಒಂದು ಕಡುಬಿನ ತುದಿ, ಅದರ ಮೇಲೆ ಜೋರಿಯ ಅಕ್ಷರ. ಕಳ್ಳನನ್ನು ಸಾಕಿದವನೆಂದು ಜೋರಿಯನ್ನು ಹಿಡಿದರು. ಹತ್ತು ವರ್ಷ ಸೆರೆಮನೆ ಖಂಡಿತ ಎಂದರು.

ವಿಚಾರಣೆಯ ದಿನ ಟಮ್ಸಿನ್ ಎದ್ದು ನಿಂತಳು.

"ಭೂತಕ್ಕೆ ಅಂತ ಎಲ್ಲರೂ ತುದಿ ಬಿಡ್ತಾರೆ ಸಾಹೇಬ್ರೇ. ಕಳ್ಳ ಅದನ್ನೇ ಆಯ್ಕೊಂಡು ತಿಂದಿದಾನೆ."

"ಹಂಗಾದ್ರೆ ನಿನ್ ಗಂಡಂದೊಂದೇ ಯಾಕಮ್ಮಾ ಉಳೀತು?" ಷೆರೀಫ್ ಕೇಳಿದ.

ಊರ ಹೆಂಗಸರೆಲ್ಲ ಎದುರಿಗೇ ಕೂತಿದ್ದರು. ಟಮ್ಸಿನ್‌ಳ ಮುಖ ಕೆಂಪಾಯಿತು.

"ನಾ ಮಾಡಿದ್ ಕಡುಬು ಕಲ್ಲು ಸಾಹೇಬ್ರೇ. ಹಸಿದ್ ಕಳ್ಳನ ಹಲ್ಲಿಗೂ ಬಗ್ಗಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಜೋರಿ ಬಿಡುಗಡೆಯಾದ. ಕಡುಬಿನಂಗಡಿ ಮಾತ್ರ ಏಳಲೇ ಇಲ್ಲ. ಅವಳು ಬೀದಿಗಿಳಿದರೆ ಸಾಕು, "ಕಲ್ಲುಕಡುಬು ಬಂತು, ಹಲ್ಲು ಜೋಪಾನ!" ಎನ್ನುವರು. ನಾನೂ ಅಂದಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಜೋರಿ ತೀರಿಕೊಂಡ ಮೇಲೆ ಅವಳನ್ನು ಮಾತಾಡಿಸಲು ಹೋದೆ. ಬಿಸಿ ಕಡುಬು ಮುಂದಿಟ್ಟಳು. ಹೆದರುತ್ತಲೇ ಕಚ್ಚಿದೆ. ಬೆಣ್ಣೆ! ತುದಿಯೂ ಬಾಯಲ್ಲಿ ಕರಗಿತು.

"ಟಮ್ಸಿನಕ್ಕ, ಹಸಿದೋನು ಇದನ್ನ ಬಿಡ್ತಾನಾ?"

"ಹಸಿದಿದ್ರೆ ಬಿಡ್ತಿರ್ಲಿಲ್ಲ ಕಣೋ. ಭೂತಕ್ಕೆ ಅಂತ ದಿನಾ ಜೋರಿ ಕೈಲಿ ಇಡೀ ಕಡುಬೊಂದು ಕಳಿಸ್ತಿದ್ದೆ. ಜೋರಿ ಪಾಪ, ಸಾಯೋವರೆಗೂ ಭೂತಾನೇ ತಿಂತು ಅಂದ್ಕೊಂಡಿದ್ದ."

"ಕಳ್ಳ ಅಂತ ಗೊತ್ತಿದ್ದೂ ಯಾಕಕ್ಕ?"

"ಒಳಗೊಬ್ಬ ಹಸ್ಕೊಂಡ್ ಕೂತಿದಾನೆ ಅಂತ ಗೊತ್ತಾದ್ಮೇಲೆ ನಂಗೆ ತುತ್ತು ಇಳೀಬೇಕಲ್ಲ." ತಟ್ಟೆಗೆ ಇನ್ನೊಂದು ಹಾಕಿದಳು. "ಚೆನ್ನಾಗಿದೆ ಅಂತ ಒಂದ್ಸಲ ಬಾಯ್ಬಿಟ್ಟು ಹೇಳೋ. ಆ ಕಳ್ಳನೂ ಹೇಳ್ದೆ ಹೋದ."