ಕ್ಲಿಪ್ಪೂ ನಲ್ಲಿ ಮೂಳೆಯೂ

ನನ್ನ ಸೊಟ್ಟ ಹಲ್ಲಿನ ಅಭಿಮಾನಿಗಳೇ, ಇವತ್ತು ಅದರ ಹಣೆಬರಹ ತೀರ್ಮಾನವಾಯಿತು.

ಹೆಬ್ಬಗೋಡಿಯ ಹಲ್ಲಿನ ಡಾಕ್ಟರು ಎರಡು ದಾರಿ ಹೇಳಿದರು. ಹಲ್ಲನ್ನು ಸ್ವಲ್ಪ ಸವೆಸಿ, ಮೇಲೆ ವೆನೀರ್ ಎಂಬ ತೆಳುವಾದ ಪಿಂಗಾಣಿ ಪದರ ಅಂಟಿಸಿದರೆ ಎರಡೇ ವಾರದಲ್ಲಿ ನೆಟ್ಟಗೆ ಕಾಣುತ್ತದೆ. ಕ್ಲಿಪ್ ಹಾಕಿಸಿದರೆ ಒಂದೂವರೆ ವರ್ಷ. ನಲವತ್ತು ದಾಟಿದ ಮೇಲೆ ಬಾಯಿ ತುಂಬ ತಂತಿ ಯಾರಿಗೆ ಬೇಕು?

"ವೆನೀರೇ ಮಾಡ್ಬಿಡಿ ಮೇಡಂ" ಎಂದೆ.

ಜೊತೆಗೆ ಬಂದಿದ್ದ ಅತ್ತೆ ತಡೆದರು. "ತಾಳು. ಡಾಕ್ಟ್ರಮ್ಮ, ಅದನ್ನ ಅಂಟಿಸ್ಕೊಂಡು ಮೂಳೆ ಕಡಿಬೌದಾ?"

"ಆ ಹಲ್ಲಲ್ಲಿ ಇನ್ಯಾವತ್ತೂ ಕಡಿಯೋ ಹಾಗಿಲ್ಲ ಅಜ್ಜಿ. ಒಡೆದು ಹೋಗುತ್ತೆ."

"ಕ್ಲಿಪ್ಪಾದ್ರೆ?"

"ಅದನ್ನ ತೆಗೆಯೋವರೆಗೆ ಮಾತ್ರ ಕಡಿಬಾರ್ದು."

"ಅಂಗಾದ್ರೆ ಕ್ಲಿಪ್ಪೇ ಆಕಿ. ಜೀವ್ನ ಪೂರ್ತಿ ಮೂಳೆ ಬಿಟ್ಟು, ನೆಟ್ಟಗಿರೋ ಹಲ್ಲಿಟ್ಕೊಂಡು ಇವ್ಳೇನ್ ಮಾಡ್ತಾಳೆ?"

ಡಾಕ್ಟರು ಮಾಸ್ಕಿನೊಳಗೇ ನಕ್ಕುಬಿಟ್ಟರು. ನಾನೂ ನಕ್ಕೆ, ಒಪ್ಪಿದೆ. ನನ್ನ ನಾಲಿಗೆಯ ಚಪಲ ನನಗಿಂತ ಚೆನ್ನಾಗಿ ಅತ್ತೆಗೇ ಗೊತ್ತು.

ಮಧ್ಯಾಹ್ನ ಮಟನ್ ಸಾರಿಗೆ ಕೂತೆವು. ಅತ್ತೆ ನನ್ನ ತಟ್ಟೆಯಲ್ಲಿದ್ದ, ಒಳಗೆ ಮಜ್ಜೆ ತುಂಬಿದ ನಲ್ಲಿ ಮೂಳೆಯನ್ನು ಎತ್ತಿ ತಮ್ಮ ತಟ್ಟೆಗೆ ಹಾಕಿಕೊಂಡರು.

"ಅತ್ತೆ, ಕ್ಲಿಪ್ ಹಾಕೋದು ಮುಂದಿನ ವಾರ!"

"ಈಗ್ಲಿಂದ್ಲೇ ಅಭ್ಯಾಸ ಆಗ್ಲಿ ಕಣವ್ವ" ಎಂದು ಚೀಪತೊಡಗಿದರು.